ಸಂಕ್ರಾಂತಿಯೂ ದಾಸೋಹವೂ
(ಶ್ರೀಮಠದ ಮಹೋತ್ಸವದ ಅಂಗವಾಗಿ ಬಿಳಿಗೆರೆಯಲ್ಲಿ ನಡೆದ ಉಪನ್ಯಾಸ)

|| ಶ್ರೀ ಗುರುಬಸವಲಿಂಗಾಯ ನಮಃ ||

 

ಪುಷ್ಯಮಾಸದ ಚಳಿಯು ತೆಂಗಿನ ತೋಟಗಳ ನಡುವೆ ಮಂಜಾಗಿ ನಿಲ್ಲುವ ಕಾಲವಿದು. ಹೊಲದ ಅವರೆಯ ಸೊಗಡು ಗಾಳಿಯಲ್ಲಿ ಬೆರೆತಿದೆ. ರಾಗಿಯ ಮೆದೆಗಳು ಕಣದ ಬದಿಯಲ್ಲಿ ಎದ್ದು ನಿಂತಿವೆ. ಕಿಬ್ಬನಹಳ್ಳಿಯಿಂದ ತಿಪಟೂರಿಗೆ ಹೋಗುವ ಹೆದ್ದಾರಿಯ ಮೇಲಿರುವ ಈ ಬಿಳಿಗೆರೆಯಲ್ಲಿಯೂ, ಅತ್ತ ತುರುವೇಕೆರೆ, ಇತ್ತ ಚಿಕ್ಕನಾಯಕನಹಳ್ಳಿಗಳ ಊರೂರುಗಳಲ್ಲಿಯೂ, ಒಕ್ಕಲಿನ ಮನೆಯವರು ವರ್ಷದಲ್ಲಿ ಯಾವ ಹಬ್ಬವನ್ನು ಮರೆತರೂ ಸಂಕ್ರಾಂತಿಯನ್ನು ಮರೆಯುವುದಿಲ್ಲ. ಸಾಲ ಮಾಡಿಯಾದರೂ ಆಚರಿಸಬೇಕಾದ ಹಬ್ಬಗಳು ಕೆಲವುಂಟು. ಸಂಕ್ರಾಂತಿಯು ಆ ಬಗೆಯದಲ್ಲ. ಮನೆಯಲ್ಲಿ ಇದ್ದುದನ್ನೇ ಎತ್ತಿಕೊಂಡು ಮಾಡುವ ಹಬ್ಬವಿದು. ಆದಕಾರಣವೇ ಬಡವನಿಗೆ ಇದರಲ್ಲಿ ಸಂಕೋಚವಿಲ್ಲ.

ಆದರೆ ಶಿವಭಕ್ತರಾದವರ ಮನಸ್ಸಿನಲ್ಲಿ ಇಲ್ಲಿ ಒಂದು ಸಂದೇಹವು ಏಳುವುದು ಸಹಜವಾಗಿದೆ. ಹನ್ನೆರಡನೆಯ ಶತಮಾನದ ಶರಣರು ವಾರ, ತಿಥಿ, ನಕ್ಷತ್ರಗಳಲ್ಲಿ ಒಳ್ಳೆಯದು ಕೆಟ್ಟದ್ದೆಂಬ ಭೇದವನ್ನು ಒಪ್ಪಿದವರಲ್ಲ. ಇಂಥ ದಿನ ಇಂಥ ನದಿಯಲ್ಲಿ ಮುಳುಗಿದರೆ ಇಂಥ ಪುಣ್ಯವೆಂಬ ಲೆಕ್ಕವನ್ನು ಅವರು ನಕ್ಕು ಬಿಟ್ಟವರು. ಶಿವನನ್ನು ನೆನೆದ ಗಳಿಗೆಯೇ ಶುಭ, ಮರೆತ ಗಳಿಗೆಯೇ ಅಶುಭ ಎಂಬುದು ಅವರ ನಿಲುವು. ಹೀಗಿರುವಲ್ಲಿ ಆ ಶರಣರನ್ನು ಗುರುವೆಂದು ನಂಬಿದ ಜನವು ಸೂರ್ಯನು ಒಂದು ರಾಶಿಯನ್ನು ಬಿಟ್ಟು ಇನ್ನೊಂದನ್ನು ಹೊಗುವ ದಿನವನ್ನು ಹಬ್ಬವಾಗಿ ಆಚರಿಸುವುದು ಹೇಗೆ ಸಲ್ಲುತ್ತದೆ? ಇದು ರೂಢಿಯ ಸೆಳೆತವೆ, ಅಥವಾ ಈ ಆಚರಣೆಯ ಒಡಲಿನಲ್ಲಿ ಶರಣರು ಮೆಚ್ಚತಕ್ಕ ತಿರುಳೇನಾದರೂ ಉಂಟೆ? ಇದೇ ಇಂದು ವಿಚಾರಿಸತಕ್ಕ ವಿಷಯವು.

ಮೊದಲು ಪಂಚಾಂಗದ ಮಾತನ್ನು ನೋಡಬಹುದು. ಜನವರಿ 14 ಅಥವಾ 15ರಂದು ಸೂರ್ಯನು ಮಕರರಾಶಿಯನ್ನು ಪ್ರವೇಶಿಸುವನೆಂದೂ, ಅಂದಿನಿಂದ ಉತ್ತರಾಯಣವು ಮೊದಲಾಗುವುದೆಂದೂ ಹೇಳುವುದು ವಾಡಿಕೆ. ಸಂಕ್ರಾಂತಿ ಪುರುಷನು ಈ ವರ್ಷ ಯಾವ ವಾಹನವನ್ನೇರಿ ಬಂದನು, ಯಾವ ವಸ್ತ್ರವನ್ನುಟ್ಟನು, ಯಾವ ದಿಕ್ಕನ್ನು ನೋಡಿದನು ಎಂದು ಕೇಳಿ ಹೆದರುವವರೂ ಇದ್ದಾರೆ. ಆದರೆ ಆಕಾಶದಲ್ಲಿ ಸೂರ್ಯನು ದಕ್ಷಿಣದ ಕೊನೆಯನ್ನು ಮುಟ್ಟಿ ಉತ್ತರಕ್ಕೆ ಹೊರಳುವುದು ಡಿಸೆಂಬರ್ 21 ಅಥವಾ 22ರಂದು. ಭೂಮಿಯ ಅಕ್ಷವು ಬುಗುರಿಯಂತೆ ಮೆಲ್ಲಮೆಲ್ಲನೆ ಓಲುವುದರಿಂದ ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ಈ ಎರಡರ ನಡುವೆ ಅಂತರವು ಬೆಳೆದು, ಈಗ ಮೂರು ವಾರಗಳನ್ನು ಮೀರಿದೆ. ಹದಿನೇಳು ಶತಮಾನಗಳ ಹಿಂದೆ ಎರಡೂ ಸುಮಾರಾಗಿ ಒಂದೇ ದಿನದಲ್ಲಿ ಕೂಡಿದ್ದುವು. ಅಂದಮೇಲೆ ಸೂರ್ಯನ ಹೊರಳುವಿಕೆಯೇ ಈ ಹಬ್ಬದ ಜೀವವಾಗಿದ್ದಲ್ಲಿ, ಈ ಹಬ್ಬವು ಎಂದೋ ತನ್ನ ಅರ್ಥವನ್ನು ಕಳೆದುಕೊಳ್ಳಬೇಕಾಗಿತ್ತು. ಕಳೆದುಕೊಳ್ಳಲಿಲ್ಲ. ಏತಕ್ಕೆಂದರೆ ಜೋಯಿಸರ ರಾಶಿ ಬೇರೆ, ಒಕ್ಕಲಿಗನ ರಾಶಿ ಬೇರೆ. ಒಕ್ಕಲಿಗನ ರಾಶಿಯು ಆಕಾಶದಲ್ಲಿಲ್ಲ, ಕಣದಲ್ಲಿದೆ.

ಈ ಸೀಮೆಯಲ್ಲಿ ಮುಂಗಾರಿನ ಮಳೆಗೆ ಬಿತ್ತಿದ ರಾಗಿಯು ಕಾರ್ತಿಕ ಮಾರ್ಗಶಿರಗಳಲ್ಲಿ ಕುಯ್ಲಿಗೆ ಬಂದು, ಮೆದೆಯಾಗಿ ಕೆಲವು ದಿನ ನಿಂತು, ಸಂಕ್ರಾಂತಿಯ ಆಸುಪಾಸಿನಲ್ಲಿ ಕಣಕ್ಕೆ ಇಳಿಯುತ್ತದೆ. ನೆಲವನ್ನು ಕೆತ್ತಿ, ನೀರು ಚಿಮುಕಿಸಿ, ಸಗಣಿಯಿಂದ ಸಾರಿಸಿ, ನಡುವೆ ಮೇಟಿಯನ್ನು ನೆಟ್ಟು, ಎತ್ತುಗಳಿಗೆ ರೋಣಗಲ್ಲನ್ನು ಕಟ್ಟಿ ಒಕ್ಕಣೆ ಮಾಡುತ್ತಿದ್ದ ಕಾಲವು ಹಿರಿಯರ ನೆನಪಿನಲ್ಲಿ ಇನ್ನೂ ಹಸಿರಾಗಿದೆ. ಗಾಳಿಗೆ ತೂರಿದ ಕಾಳು ರಾಶಿಯಾದ ಮೇಲೆ ಅದರ ನೆತ್ತಿಯ ಮೇಲೆ ಬೆನಕನನ್ನಿಟ್ಟು, ಕಾಯಿ ಒಡೆದು, ಕೊಳಗವನ್ನು ಕೈಗೆತ್ತಿಕೊಳ್ಳುವರು. ಅಳೆಯುವವನು 'ಒಂದು' ಎನ್ನದೆ 'ಲಾಭ' ಎಂದು ಎಣಿಕೆಯನ್ನು ಮೊದಲುಮಾಡುವನು.

ಆದರೆ ರಾಶಿಯ ಒಡೆಯನು ಮನೆಗೆ ಕಾಳು ಸಾಗಿಸುವ ಮೊದಲು ಕಣದ ಸುತ್ತ ಯಾರು ಯಾರು ನಿಂತಿರುತ್ತಿದ್ದರೆಂಬುದನ್ನು ನೋಡಬೇಕು. ನೇಗಿಲು ಕುಂಟೆಗಳನ್ನು ಮಾಡಿಕೊಟ್ಟ ಬಡಗಿ, ಕುಳವನ್ನು ತಟ್ಟಿಕೊಟ್ಟ ಕಮ್ಮಾರ, ಮಡಕೆಯಿತ್ತ ಕುಂಬಾರ, ಬಟ್ಟೆ ಒಗೆದ ಅಗಸ, ಕ್ಷೌರಿಕ, ಕೆರೆಯ ತೂಬನ್ನು ಕಾಯ್ದು ಗದ್ದೆಗದ್ದೆಗೆ ನೀರನ್ನು ಹಂಚಿದ ನೀರಗಂಟಿ, ಊರು ಕಾಯ್ದ ತಳವಾರ, ತೋಟಿ. ಇವರಿಗೆಲ್ಲ ಕಣದಲ್ಲಿಯೇ ಆಯ ಸಲ್ಲುತ್ತಿತ್ತು. ಭಿಕ್ಷೆಗೆ ಬಂದ ಜಂಗಮನಿಗೆ ಮೊರದ ತುಂಬ, ಹಾಡಿಕೊಂಡು ಬಂದವನಿಗೆ ಬೊಗಸೆಯ ತುಂಬ ಕಾಳು ಬೀಳುತ್ತಿತ್ತು. ಕಣದ ಅಂಚಿನಲ್ಲಿ ಚೆಲ್ಲಿದ್ದು ಹಕ್ಕಿಗಳ ಪಾಲು. ಒಬ್ಬನ ಬೆವರಿನಿಂದ ಒಂದು ರಾಶಿಯೂ ಆಗುವುದಿಲ್ಲವೆಂಬ ತಿಳಿವಳಿಕೆಯನ್ನು ಜನಸಾಮಾನ್ಯರು ಶಾಸ್ತ್ರವನ್ನೋದಿ ಕಲಿಯಲಿಲ್ಲ. ಕಣದಲ್ಲಿ ನಿಂತು ಕಲಿತರು. ಪಾಲು ಕೊಟ್ಟು ಉಳಿದುದು ತನ್ನದು ಎಂಬ ಈ ಕ್ರಮಕ್ಕೂ, ದುಡಿದು ತಂದುದನ್ನು ಗುರುಲಿಂಗಜಂಗಮಕ್ಕೆ ಸಲ್ಲಿಸಿ ಉಳಿದುದನ್ನು ಪ್ರಸಾದವಾಗಿ ಕೊಳ್ಳಬೇಕೆಂಬ ಶರಣರ ದಾಸೋಹಕ್ಕೂ ಎಷ್ಟು ದೂರವಿದೆ? ಬಹಳ ದೂರವಿಲ್ಲ. ಆದರೂ ಒಂದು ಭೇದವುಂಟು. ಆಯವು ಹುಟ್ಟಿನ ಮೇಲು ಕೀಳುಗಳನ್ನು ಇದ್ದಂತೆಯೇ ಇಟ್ಟುಕೊಂಡು ಕೊಟ್ಟ ಪಾಲು. ದಾಸೋಹವು ಕೊಡುವವನೇ ತಗ್ಗಿ, ಕೊಂಡವನನ್ನು ಶಿವನೆಂದು ಕಂಡು ಕೊಟ್ಟ ಪಾಲು. ಈ ಭೇದವನ್ನು ಮುಂದೆ ಮತ್ತೆ ನೆನೆಯಬೇಕಾಗಿ ಬರುವುದು.

ಮನುಷ್ಯರ ಪಾಲಿನಂತೆಯೇ ದನಕರುಗಳ ಪಾಲು. ವರ್ಷವೆಲ್ಲ ನೊಗ ಹೊತ್ತ ಎತ್ತಿನ ಕೊರಳಿನ ಮೇಲೆ ಸಂಕ್ರಾಂತಿಯ ದಿನ ನೊಗವಿಲ್ಲ. ಕೆರೆಗೆ ಹೊಡೆದುಕೊಂಡು ಹೋಗಿ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಮನೆಯಲ್ಲಿ ಬೇಯಿಸಿದ ಹುಗ್ಗಿಯನ್ನು ಮೊದಲು ಅವುಗಳ ಬಾಯಿಗೆ ನೀಡಿ ಆಮೇಲೆ ಮನೆಮಂದಿ ಉಣ್ಣುವರು. ಸಂಜೆಗೆ ಊರ ಮುಂದಣ ಹಾದಿಯಲ್ಲಿ ಹುಲ್ಲು ಹರಡಿ ಬೆಂಕಿಯಿಟ್ಟು ದನಗಳನ್ನು ಕಿಚ್ಚು ಹಾಯಿಸುವರು. ಮೈಯ ಉಣ್ಣೆ ಮುಂತಾದ ಹುಳುಗಳು ಇದರಿಂದ ಉದುರುವುವೆಂದು ಹಿರಿಯರು ಹೇಳುವುದುಂಟು. ಮೂಕಪ್ರಾಣಿಯು ಬೆದರದಂತೆ, ಸುಡದಂತೆ ನೋಡಿಕೊಂಡರೆ ಮಾತ್ರ ಇದಕ್ಕೆ ಶೋಭೆ. ಇಂದು ಅನೇಕ ಮನೆಗಳ ಕೊಟ್ಟಿಗೆಯಲ್ಲಿ ಹಳ್ಳಿಕಾರ್ ಎತ್ತಿನ ಜೋಡಿಯಿಲ್ಲ. ಉಳುಮೆಗೆ ಟ್ರಾಕ್ಟರೂ ಒಕ್ಕಣೆಗೆ ಯಂತ್ರವೂ ಬಂದಿವೆ. ಆದರೂ ಹಾಲು ಕರೆಯುವ ಒಂದೇ ಹಸುವಿದ್ದ ಮನೆಯವರು ಕೂಡ ಅಂದು ಅದರ ಹಣೆಗೆ ವಿಭೂತಿಯನ್ನಿಟ್ಟು ಹುಗ್ಗಿ ನೀಡದೆ ತಾವು ಉಣ್ಣಲೊಲ್ಲರು. ಉಪಕಾರವನ್ನು ನೆನೆಯುವ ಈ ಬುದ್ಧಿಯು ಕೆಡದಿರುವವರೆಗೆ ಹಬ್ಬಕ್ಕೆ ಕೇಡಿಲ್ಲ.

ಇನ್ನು ಎಳ್ಳು ಬೀರುವ ವಿಷಯ. ಹುರಿದ ಎಳ್ಳು, ಸಣ್ಣಗೆ ಹೆಚ್ಚಿದ ಬೆಲ್ಲ ಕೊಬ್ಬರಿ, ಹುರಿಗಡಲೆ, ಕಡಲೆಕಾಯಿಯ ಬೀಜ ಎಂಬ ಐದನ್ನೂ ಕೂಡಿಸಿ, ಕಬ್ಬಿನ ತುಂಡು, ಬಾಳೆಯ ಹಣ್ಣುಗಳೊಡನೆ ತಟ್ಟೆಯಲ್ಲಿಟ್ಟು, ಹೆಣ್ಣುಮಕ್ಕಳು ಮನೆಮನೆಗೆ ಹೋಗಿ ಹಂಚುವರು. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತನಾಡಬೇಕೆಂಬುದು ಎಲ್ಲರ ಬಾಯಲ್ಲಿರುವ ನುಡಿ. ವರ್ಷದಲ್ಲಿ ಬೇಲಿಗಾಗಿಯೋ, ನೀರಿಗಾಗಿಯೋ, ಬದುವಿನ ಒಂದು ಮರಕ್ಕಾಗಿಯೋ ಮಾತು ಬಿಟ್ಟಿದ್ದ ಎರಡು ಮನೆಗಳ ನಡುವೆ ಮೊದಲು ಹೊಸಲು ದಾಟುವುದು ಈ ತಟ್ಟೆಯೇ. ಗಂಡಸರು ಪಂಚಾಯಿತಿಯಲ್ಲಿ ಬಿಡಿಸಲಾರದ ಗಂಟನ್ನು ಹತ್ತು ವರ್ಷದ ಹುಡುಗಿಯೊಬ್ಬಳು ಒಂದು ಹಿಡಿ ಎಳ್ಳಿನಿಂದ ಸಡಿಲಿಸಬಲ್ಲಳು. ಸಂಕ್ರಮಣವೆಂದರೆ ದಾಟುವುದೆಂದು ಅರ್ಥ. ಸೂರ್ಯನು ರಾಶಿಯನ್ನು ದಾಟುವುದು ಕಣ್ಣಿಗೆ ಕಾಣುವುದಿಲ್ಲ. ಈ ದಾಟುವಿಕೆಯು ಕಾಣುತ್ತದೆ.

ಆ ತಟ್ಟೆಯ ಐದು ವಸ್ತುಗಳಲ್ಲಿ ಒಂದು ಈ ಸೀಮೆಯ ವಿಶೇಷವಾದ ಕಾಣಿಕೆಯು. ತಿಪಟೂರಿನ ಉಂಡೆಕೊಬ್ಬರಿಯು ದೇಶದ ದೂರದೂರದ ಪೇಟೆಗಳಿಗೆ ಹೋಗುವುದು ಎಲ್ಲರಿಗೂ ತಿಳಿದದ್ದೇ. ಮೈಸೂರಿನ ಮನೆಯಲ್ಲಿ, ಬೆಂಗಳೂರಿನ ಬೀದಿಯಲ್ಲಿ ಎಳ್ಳು ಹಂಚುವವರ ಎಷ್ಟೋ ತಟ್ಟೆಗಳಲ್ಲಿ ಈ ತೋಟಗಳ ಕೊಬ್ಬರಿ ಇರುತ್ತದೆ. ಆ ಒಂದು ಚೂರಿನ ಹಿಂದೆ ಎಷ್ಟು ಕಾಲ, ಎಷ್ಟು ಕೈಗಳಿವೆಯೆಂಬುದನ್ನು ತಿಂದವರು ಎಣಿಸುವುದಿಲ್ಲ. ಹೊಂಬಾಳೆ ಒಡೆದು ಕಾಯಿ ಬಲಿಯಲು ಸುಮಾರು ಹನ್ನೆರಡು ತಿಂಗಳು. ಕಿತ್ತ ಕಾಯನ್ನು ಅಟ್ಟಕ್ಕೇರಿಸಿದರೆ ಒಳಗಣ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದಾಗ ಗುಡುಗುಡು ಎನ್ನುವಂತಾಗಲು ಮತ್ತೆ ಎಂಟು ಹತ್ತು ತಿಂಗಳು. ಈ ಸಂಕ್ರಾಂತಿಯ ತಟ್ಟೆಗೆ ಬಿದ್ದ ಕೊಬ್ಬರಿಯು ಹಿಂದಿನ ಸಂಕ್ರಾಂತಿಯನ್ನು ಮರದ ಮೇಲೆಯೇ ಕಂಡದ್ದು. ಅಷ್ಟರಲ್ಲಿ ಪಾತಿಗೆ ನೀರು ಕಟ್ಟಿದವರು, ಮರ ಹತ್ತಿ ಕಾಯಿ ಕೆಡವಿದವರು, ಹೆಗಲ ಮೇಲೆ ಹೊತ್ತವರು, ಮೊಟ್ಟೆ ಸುಲಿದವರು, ಉಂಡೆ ಒಡೆಯದಂತೆ ಚಿಪ್ಪನ್ನು ಬಿಡಿಸಿದವರು, ಚೀಲ ಹೊಲಿದವರು, ಪೇಟೆಯಲ್ಲಿ ಮೂಟೆ ಹೊತ್ತ ಹಮಾಲರು, ಇವರೆಲ್ಲರ ಕೈ ಅದಕ್ಕೆ ಸೋಕಿರುತ್ತದೆ.

ಹೀಗೆ ಪಾಲು ಹಂಚುವ ಹಬ್ಬಕ್ಕೂ ಶರಣಧರ್ಮಕ್ಕೂ ಇರುವ ನಂಟಿಗೆ ಸಾಕ್ಷಿಯಾಗಿ ನಿಂತವರು ಸೊನ್ನಲಿಗೆಯ ಸಿದ್ಧರಾಮೇಶ್ವರರು. ಅವರನ್ನು ಕುಲಗುರುವೆಂದು ಆರಾಧಿಸುವ ನೊಳಂಬ ಲಿಂಗಾಯತರು ಈ ಪ್ರಾಂತದಲ್ಲಿ ಬಹುಸಂಖ್ಯೆಯಲ್ಲಿದ್ದಾರೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಗೋಡೆಕೆರೆಯು ಅವರ ಹೆಸರಿನಿಂದ ಪುಣ್ಯಕ್ಷೇತ್ರವಾಗಿದೆ. ಅವರ ಜಯಂತಿಯನ್ನು ಪ್ರತಿವರ್ಷವೂ ಆಚರಿಸುವುದು ಜನವರಿ 14, 15ರಂದೇ, ಅಂದರೆ ಸಂಕ್ರಾಂತಿಯಲ್ಲಿಯೇ. ಮುದ್ದುಗೌಡ ಸುಗ್ಗಲಾದೇವಿಯರ ಮಗನಾಗಿ ಹುಟ್ಟಿದ ಆ ಬಾಲಕನ ಕಥೆಯನ್ನು ರಾಘವಾಂಕ ಕವಿಯು 'ಸಿದ್ಧರಾಮ ಚಾರಿತ್ರ'ದಲ್ಲಿ ಹೇಳಿದ್ದಾನೆ. ಹುಡುಗನು ಹೊಲದಲ್ಲಿರುವಾಗ ಜಂಗಮರೂಪದಿಂದ ಬಂದ ಮಲ್ಲಯ್ಯನು ಹಸಿವೆಂದು ಬೇಡಿದನು. ಹುಡುಗನು ಹೊಲದ ಎಳೆಯ ತೆನೆಯನ್ನು ಸುಟ್ಟು ಕೊಟ್ಟನು. ಅತಿಥಿಯು ಮತ್ತೂ ಬೇಡಲು ಉಣಿಸನ್ನು ತರಲೆಂದು ಮನೆಗೆ ಓಡಿದನು. ತಂದು ನೋಡಿದರೆ ಅತಿಥಿಯಿಲ್ಲ. ಅವನನ್ನು ಕೂಗುತ್ತ, ಅಳುತ್ತ ಶ್ರೀಶೈಲದವರೆಗೆ ಹೋದನು. ಬೆಳೆಯ ಮೊದಲ ತೆನೆಯನ್ನು ಹಸಿದವನಿಗೆ ಕೊಟ್ಟುದರಿಂದ ಒಂದು ಮಹಾಜೀವನವು ಮೊದಲಾಯಿತು. ಸುಗ್ಗಿಯ ಹಬ್ಬದ ತಿರುಳು ಈ ಒಂದು ಪ್ರಸಂಗದಲ್ಲಿಯೇ ಅಡಗಿದೆ.

ಮುಂದೆ ಸಿದ್ಧರಾಮರು ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿದರು, ಗುಡಿಗಳನ್ನು ಎತ್ತಿಸಿದರು. ಪ್ರಭುದೇವರು ಅಲ್ಲಿಗೆ ಬಂದು, ಕಲ್ಲು ಮಣ್ಣಿನ ಕೆಲಸದಲ್ಲಿ ಅಹಂಕಾರವು ಸೇರಿತೆಂದು ಅವರನ್ನು ಒಡ್ಡರಾಮನೆಂದು ಕರೆದು ಪರೀಕ್ಷಿಸಿದುದು 'ಶೂನ್ಯಸಂಪಾದನೆ'ಯಲ್ಲಿ ಪ್ರಸಿದ್ಧವಾಗಿದೆ. ಆ ಬಳಿಕ ಅವರು ಕಲ್ಯಾಣಕ್ಕೆ ಬಂದು ಚೆನ್ನಬಸವಣ್ಣನವರಿಂದ ಇಷ್ಟಲಿಂಗದೀಕ್ಷೆಯನ್ನು ಪಡೆದರು. ಕೆರೆ ಕಟ್ಟಿಸುವುದು ತಪ್ಪೆಂಬುದು ಪ್ರಭುದೇವರ ಅಭಿಪ್ರಾಯವಲ್ಲ. ಕೊಟ್ಟೆನೆಂಬ ಹಮ್ಮು ಉಳಿಯಬಾರದೆಂಬುದು ಅದರ ಮರ್ಮ. ಇಂದು ಮಹಾರಾಷ್ಟ್ರ ರಾಜ್ಯದಲ್ಲಿರುವ ಸೊಲ್ಲಾಪುರದಲ್ಲಿ, ಕನ್ನಡ ಮರಾಠಿ ಎರಡೂ ನುಡಿಗಳ ಜನರು ಕೂಡಿ, ಸಂಕ್ರಾಂತಿಯಲ್ಲಿಯೇ ಸಿದ್ಧೇಶ್ವರನ ಗಡ್ಡಾಯಾತ್ರೆಯನ್ನು ನಡೆಸುತ್ತಾರೆ. ಎತ್ತರವಾದ ಏಳು ನಂದಿಧ್ವಜಗಳನ್ನು ಊರಿನ ಬೇರೆಬೇರೆ ಸಮಾಜಗಳವರು ಹೊತ್ತು, ಸಿದ್ಧರಾಮರು ಸ್ಥಾಪಿಸಿದರೆನ್ನುವ 68 ಲಿಂಗಗಳನ್ನು ಸುತ್ತುವರು. ಕುಂಬಾರರ ಕನ್ಯೆಯೊಬ್ಬಳಿಗೂ ಯೋಗಿಯ ದಂಡಕ್ಕೂ ವಿವಾಹವಾಯಿತೆಂಬ ಐತಿಹ್ಯವನ್ನು ನೆನೆದು ಅಕ್ಷತೆಯನ್ನು ತಳಿಯುವರು. ಮಡಕೆ ಮಾಡುವವರ ಮನೆಯ ಮಗಳಿಗೆ ಅಷ್ಟು ದೊಡ್ಡ ಊರು ಕೂಡಿ ಅಕ್ಷತೆಯಿಡುವುದು ಸಾಮಾನ್ಯವಾದ ಮಾತಲ್ಲ.

ಇತ್ತೀಚಿನ ಕಾಲದ ನಿದರ್ಶನವು ಜಿಲ್ಲೆಯೊಳಗೇ ಇದೆ. ಸಿದ್ಧಗಂಗೆಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಜಾತಿಮತಗಳನ್ನೆಣಿಸದೆ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಇತ್ತರು. ಸುಗ್ಗಿಯಾದ ಮೇಲೆ ಹಳ್ಳಿಗಳ ಒಕ್ಕಲುಗಳು ರಾಗಿ, ಕಾಳು, ತೆಂಗಿನಕಾಯಿಗಳನ್ನು ಆ ಮಠಕ್ಕೆ ಸಲ್ಲಿಸುವುದು ತಲೆತಲಾಂತರದ ಭಕ್ತಿ. ಕಣದಲ್ಲಿ ತೆಗೆದಿಟ್ಟ ಒಂದು ಮೊರ ರಾಗಿಯು ಯಾವ ಊರಿನ ಯಾವ ಅನಾಥಬಾಲಕನ ತಟ್ಟೆಯಲ್ಲಿ ಮುದ್ದೆಯಾಗುವುದೆಂಬುದನ್ನು ಕೊಟ್ಟವನು ಕೇಳಲಿಲ್ಲ, ಉಂಡವನು ಅರಿಯಲಿಲ್ಲ. 2019ರ ಜನವರಿ 21ರಂದು, ಸಂಕ್ರಾಂತಿ ಕಳೆದು ವಾರವಾಗಿದ್ದಾಗ, ನೂರಹನ್ನೊಂದು ವರ್ಷ ತುಂಬಿದ್ದ ಆ ಮಹನೀಯರು ಲಿಂಗೈಕ್ಯರಾದರು. ಮಕ್ಕಳ ಮಧ್ಯಾಹ್ನದ ಪ್ರಸಾದವು ಮುಗಿದ ಮೇಲೆಯೇ ಆ ವಾರ್ತೆಯನ್ನು ಹೊರಗೆ ತಿಳಿಸಲಾಯಿತೆಂದು ಅಂದು ನಾಡೆಲ್ಲ ಕೇಳಿತು. ದಾಸೋಹವೆಂದರೇನೆಂಬುದಕ್ಕೆ ಬೇರೆ ವ್ಯಾಖ್ಯಾನವು ಬೇಕಿಲ್ಲ.

ಈಗ ಸ್ವಲ್ಪ ಕಹಿಯಾದ ಮಾತು. ಎಳ್ಳಿನ ತಟ್ಟೆಯು ಯಾವ ಯಾವ ಬಾಗಿಲಲ್ಲಿ ನಿಲ್ಲುತ್ತದೆ, ಯಾವ ಯಾವ ಬಾಗಿಲನ್ನು ದಾಟಿ ಮುಂದೆ ಹೋಗುತ್ತದೆ ಎಂಬುದನ್ನು ಪ್ರತಿಯೊಂದು ಊರೂ ತನ್ನನ್ನು ತಾನೇ ಕೇಳಿಕೊಳ್ಳಬೇಕಾಗಿದೆ. ಕೊಬ್ಬರಿಯ ಮೊಟ್ಟೆಯನ್ನು ಸುಲಿದ ಆಳಿನ ಮನೆಯು ಊರಿನ ಕೊನೆಯ ಕೇರಿಯಲ್ಲಿರಬಹುದು. ಆ ಕೊಬ್ಬರಿಯು ಹೆಚ್ಚಿದ ಚೂರಾಗಿ ಬೆಳ್ಳಿಯ ತಟ್ಟೆಯನ್ನೇರಿದ ಮೇಲೆ ಅವನ ಮಕ್ಕಳ ಕಡೆಗೆ ಹೋಗದಿದ್ದರೆ ಅದನ್ನು ಹಬ್ಬವೆನ್ನಬಹುದೆ? ಹಾಗೆಯೇ ಮನೆಯೊಳಗಿನ ವಿಚಾರ. ಎಳ್ಳನ್ನು ಹುರಿದು, ಕೇರಿ, ಬೆಲ್ಲವನ್ನು ಹೆಚ್ಚಿ ಕೈ ಕೊಯ್ದುಕೊಂಡವಳು ಅನೇಕ ಮನೆಗಳಲ್ಲಿ ಗಂಡನನ್ನು ಕಳೆದುಕೊಂಡ ತಾಯಿ, ಅತ್ತೆ ಅಥವಾ ಅಕ್ಕ. ಕೆಲಸದಲ್ಲಿ ಮುಂದೆ ನಿಂತ ಆಕೆಯು ತಟ್ಟೆಯು ಹೊರಡುವ ಹೊತ್ತಿಗೆ ಒಳಮನೆಗೆ ಸರಿಯಬೇಕೆಂಬ ರೂಢಿಯು ಕೆಲವೆಡೆಗಳಲ್ಲಿ ಇನ್ನೂ ಅಳಿದಿಲ್ಲ. ಶುಭ ಅಶುಭ ದಿನಗಳೇ ಇಲ್ಲವೆಂದ ಶರಣರ ಮಕ್ಕಳು ಶಿವನ ಗುರುತಾದ ಲಿಂಗವನ್ನು ಎದೆಯ ಮೇಲೆ ಧರಿಸಿದ ಹೆಂಗಸನ್ನು ಅಶುಭವೆಂದು ಎಣಿಸುವುದಾದರೆ, ಆ ಲಿಂಗಕ್ಕೆ ತೋರಿದ ಗೌರವವೆಂಥದು? ಆಯಕ್ಕೂ ದಾಸೋಹಕ್ಕೂ ಇರುವ ಭೇದವನ್ನು ನೆನೆಯಬೇಕಾದುದು ಈ ಸ್ಥಳದಲ್ಲಿ. ಕೊನೆಯ ಕೇರಿಗೆ ಕಾಳು ಅಳೆದುಕೊಟ್ಟರೆ ಆಯವು ತೀರಿತು. ಆ ಮನೆಯ ಹೊಸಲಿನಲ್ಲಿ ನಿಂತು ಎಳ್ಳು ಕೊಟ್ಟು, ಅವರು ಕೊಟ್ಟುದನ್ನು ಅಲ್ಲಿಯೇ ಬಾಯಿಗೆ ಹಾಕಿಕೊಂಡರೆ ಅದು ದಾಸೋಹವು.

ಒಕ್ಕಲಿನವರಿಗೆ ಕಷ್ಟಗಳಿಲ್ಲವೆಂದು ಇದರ ತಾತ್ಪರ್ಯವಲ್ಲ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿಯು ಕೆಲವೇ ವರ್ಷಗಳಲ್ಲಿ ಈ ಕಡೆಯ ತೋಟಗಳಿಗೂ ಹಬ್ಬಿ ಕಾಯಿಗಳನ್ನು ಕುಗ್ಗಿಸಿತು. ಮಳೆ ಕೈಕೊಟ್ಟು ಕೊಳವೆಬಾವಿಗಳು ಬತ್ತಿದ ವರ್ಷಗಳಲ್ಲಿ ಮರಗಳೇ ಸುಳಿಯೊಣಗಿ ನಿಂತುವು. 2023ರಲ್ಲಿ ಪೇಟೆಯ ಧಾರಣೆಯು ಬೆಂಬಲಬೆಲೆಗಿಂತಲೂ ಕೆಳಗಿಳಿದು ರೈತರು ಬೀದಿಗಿಳಿಯಬೇಕಾಯಿತು. ಮರುವರ್ಷದ ಹಂಗಾಮಿಗೆ ಉಂಡೆಕೊಬ್ಬರಿಯ ಬೆಂಬಲಬೆಲೆಯು ಕ್ವಿಂಟಲಿಗೆ 12,000 ರೂಪಾಯಿಗಳೆಂದು ಗೊತ್ತಾಯಿತು. ಅಂಥ ವರ್ಷಗಳಲ್ಲಿಯೂ ಸಂಕ್ರಾಂತಿಯು ನಿಲ್ಲಲಿಲ್ಲ. ಬೆಲ್ಲದ ಪಾಲು ಕಡಿಮೆಯಾಗಿರಬಹುದು, ಹುಗ್ಗಿಗೆ ತುಪ್ಪವಿಲ್ಲದಿರಬಹುದು; ಪಕ್ಕದ ಮನೆಗೆ ಹೋಗುವ ಹಿಡಿ ಎಳ್ಳು ತಪ್ಪಲಿಲ್ಲ. ತನಗೇ ಕೊರತೆಯಿದ್ದಾಗ ಕೊಟ್ಟ ಪಾಲಿಗೆ ಹೆಚ್ಚಿನ ತೂಕವುಂಟು. ಇಂದು ಪಟ್ಟಣದ ಅಂಗಡಿಗಳಲ್ಲಿ ಕಟ್ಟಿಟ್ಟ ಎಳ್ಳುಬೆಲ್ಲದ ಪೊಟ್ಟಣಗಳು ಸಿಗುತ್ತವೆ. ಬಿಡುವಿಲ್ಲದವರು ಕೊಂಡರೆ ದೋಷವೇನೂ ಇಲ್ಲ. ಪೊಟ್ಟಣವನ್ನು ಕೊಂಡು ತಂದವರು ಅದನ್ನು ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟದೆ ಕುಳಿತರೆ ಮಾತ್ರ ಹಬ್ಬವು ಅಂಗಡಿಯಲ್ಲಿಯೇ ಉಳಿಯಿತೆನ್ನಬೇಕು.

ಆದುದರಿಂದ ಮೊದಲು ಎದ್ದ ಸಂದೇಹಕ್ಕೆ ಸಮಾಧಾನವು ಇಷ್ಟು. ದಿನದ ಮಹಿಮೆಯನ್ನು ನಂಬಿ ಮಾಡುವ ಸಂಕ್ರಾಂತಿಯನ್ನು ಶರಣರು ಒಪ್ಪಲಾರರು. ದುಡಿಮೆಯ ಫಲವನ್ನು ಕಣದಲ್ಲಿಯೂ ಕೊಟ್ಟಿಗೆಯಲ್ಲಿಯೂ ಬೀದಿಯಲ್ಲಿಯೂ ಹಂಚಿ ಮಾಡುವ ಸಂಕ್ರಾಂತಿಯನ್ನು ಅವರು ಎಂದಿಗೂ ಹಳಿಯಲಾರರು. ಏಕೆಂದರೆ ಅದು ಕಾಯಕ ದಾಸೋಹಗಳನ್ನು ಹಳ್ಳಿಯ ಜನರು ತಮ್ಮ ನುಡಿಯಲ್ಲಿ ಹೇಳಿಕೊಂಡ ಬಗೆ. ಒಂದು ದಿನ ಹಂಚಿ ಉಳಿದ ದಿನಗಳಲ್ಲಿ ಮುಷ್ಟಿ ಬಿಗಿಯುವುದಕ್ಕೆ ಇದು ನೆವವಾಗಕೂಡದು. ವರ್ಷವೆಲ್ಲ ನಡೆಯಬೇಕಾದುದನ್ನು ವರ್ಷಕ್ಕೊಮ್ಮೆ ಮಕ್ಕಳ ಕೈಯಿಂದ ಮಾಡಿಸಿ ಕಲಿಸುವ ಪಾಠವೆಂದು ಇದನ್ನು ತಿಳಿಯತಕ್ಕದ್ದು.

ಶ್ರೀಮಠದ ಈ ಮಹೋತ್ಸವವನ್ನು ಕಂಡ ಭಕ್ತರು ಮುಂದಿನ ಸಂಕ್ರಾಂತಿಯಲ್ಲಿ ಒಂದು ಕೆಲಸವನ್ನು ನೇಮವಾಗಿ ಹಿಡಿಯಬಹುದು. ತಟ್ಟೆಯನ್ನು ಸಿದ್ಧಗೊಳಿಸಿದ ಮೇಲೆ ಮೊದಲ ಹಿಡಿಯನ್ನು ಮನೆಯೊಳಗೆ ಸರಿದು ನಿಂತ ತಾಯಿಯ ಕೈಯಿಂದಲೇ ಹಂಚಿಸುವುದು. ಎರಡನೆಯ ಹಿಡಿಯನ್ನು ತೋಟದಲ್ಲಿ ದುಡಿದವರ ಮನೆಯ ಬಾಗಿಲಿಗೆ ತಾವೇ ಒಯ್ಯುವುದು. ಮಿಕ್ಕುದನ್ನು ನೆಂಟರಿಗೂ ಇಷ್ಟರಿಗೂ ಕೊಡುವುದು. ಇದಕ್ಕೆ ಮುಹೂರ್ತವನ್ನು ನೋಡಬೇಕಾಗಿಲ್ಲ. ಹೆಚ್ಚಿನ ಖರ್ಚೂ ಇಲ್ಲ. ಹೊಸಲನ್ನು ದಾಟುವ ಮನಸ್ಸೊಂದು ಬೇಕು.